ಬಲಗಡೆಯ ಸದ್ದು

ಗಾಲಿಯಕ್ಕನ ಕೈಗೆ ಹೋದ ಗಾಲಿ ಮತ್ತೆ ಮುನಿಸಿಕೊಂಡು ಬರುವುದಿಲ್ಲ ಎಂದು ಆ ಬೀದಿಯಲ್ಲಿ ಒಂದು ಮಾತಿತ್ತು. ಮಾತು ಹುಟ್ಟಿಸಿದವರು ಗಿರಾಕಿಗಳು, ನಂಬಿ ಕೂತವಳು ಅವಳು. ಸೈಕಲ್ಲನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ನೋಡುವುದು ಅವಳ ರೂಢಿ. ತೊಲೆಯಿಂದ ಇಳಿಬಿಟ್ಟ ಕೊಕ್ಕೆಗಳಿಗೆ ಸೈಕಲ್ ನೇತುಹಾಕಿ, ಹಿಂದಿನ ಗಾಲಿಯನ್ನು ಬೆರಳಿನಿಂದ ಒಮ್ಮೆ ತಿರುವಿ, ತಲೆ ತಗ್ಗಿಸಿ ನಿಲ್ಲುವಳು. ಗಾಲಿಯ ನಡುವಿನ ಹಬ್ಬಿನೊಳಗೆ ಗುಂಡು ಸವೆದಿದ್ದರೆ ಒಂದು ಸದ್ದು, ಗ್ರೀಸ್ ಒಣಗಿದ್ದರೆ ಇನ್ನೊಂದು, ಕಡ್ಡಿ ಸಡಿಲವಾಗಿದ್ದರೆ ಮತ್ತೊಂದು. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಕಲಿಸಿಕೊಟ್ಟ ವಿದ್ಯೆ ಅದು. ಮಾವ ಹೋದ ಮೇಲೆ, ಗಂಡ ಲಾರಿ ಹತ್ತಿ ಊರೂರು ಸುತ್ತುವವನಾದ್ದರಿಂದ, ಅಂಗಡಿಯೂ ಅತ್ತೆಯೂ ಅವಳ ಪಾಲಿಗೆ ಬಂದಿದ್ದವು. ಎರಡರಲ್ಲಿ ಅಂಗಡಿಯೇ ಸಲೀಸು ಎಂದು ಅವಳು ಆಗಾಗ ಹೇಳುವುದುಂಟು, ಅತ್ತೆಗೆ ಕೇಳಿಸುವ ಹಾಗೆಯೇ.

ಅಂಥವಳು ಈಗ ಒಂದು ಗುಡ್ಡದ ಸೈಕಲ್ಲಿನ ಮುಂದೆ ಕಂಗಾಲಾಗಿ ನಿಂತಿದ್ದಳು. ಅದು ಮೂರನೇ ಸಲ ರಿಪೇರಿಗೆ ಬಂದಿತ್ತು.

ಸೈಕಲ್ಲಿನ ಯಜಮಾನ ಊರಿನ ನೀರಿನ ಟ್ಯಾಂಕ್ ನೋಡಿಕೊಳ್ಳುವವನು. ಟ್ಯಾಂಕ್ ಇರುವುದು ಗುಡ್ಡದ ನೆತ್ತಿಯ ಮೇಲೆ. ಬೆಳಿಗ್ಗೆ ಸಂಜೆ ಹತ್ತಿ ವಾಲ್ವ್ ತಿರುಗಿಸಿ ಇಳಿಯಬೇಕು. ಇಳಿಯುವ ದಾರಿಯೆಂದರೆ ಬರೀ ಕಲ್ಲು, ಮೇಲಿಂದ ಮೇಲೆ ತಿರುವು, ಒಂದು ಮಗ್ಗುಲಿಗೆ ಪ್ರಪಾತ. ಆ ದಾರಿಯಲ್ಲಿ ಹಿಂದಿನ ಗಾಲಿ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಅವಳು ಯೋಚಿಸದಿರಲು ಪ್ರಯತ್ನಿಸುತ್ತಿದ್ದಳು.

"ಅಕ್ಕಾ, ನಿಮ್ಮ ಮೇಲೆ ದೂರಲ್ಲ. ಆದ್ರೆ ಸದ್ದು ಹಾಗೇ ಇದೆ. ಹತ್ತುವಾಗ ಜೋರಾಗಿ ತುಳಿದ್ರೆ ಕಟಕ್. ಇಳಿಯುವಾಗ ಬ್ರೇಕ್ ಹಿಡಿದ್ರೂ ಕಟಕ್" ಎಂದು ಅವನು ಬಾಗಿಲ ಚೌಕಟ್ಟಿಗೆ ಒರಗಿ ಹೇಳಿದ.

"ಬ್ರೇಕ್ ಹಿಡಿದ್ರೂನಾ?"

"ಆವತ್ತೂ ಹೇಳಿದ್ನಲ್ಲ."

ಹೇಳಿದ್ದನೇನೋ. ಅವಳಿಗೆ ನೆನಪಾಗಲಿಲ್ಲ. ಸದ್ದು ಬಲಗಡೆಯದು, ಚೈನು ಸುತ್ತುವ ಫ್ರೀವೀಲಿನ ಕಡೆಯದು ಎಂದು ಅವಳು ಮೊದಲ ದಿನವೇ ತೀರ್ಮಾನಿಸಿದ್ದಳು. ಫ್ರೀವೀಲ್ ಬಿಚ್ಚಿ, ಒಳಗಿನ ಪುಟ್ಟ ಹಲ್ಲುಗಳನ್ನೂ ಅವುಗಳ ಕೂದಲಿನಂಥ ಸ್ಪ್ರಿಂಗುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ತೆಳು ಎಣ್ಣೆ ಬಿಟ್ಟು ಮತ್ತೆ ಕೂರಿಸಿದ್ದಳು. ಎರಡನೇ ಸಲ ಬಂದಾಗ ಆಕ್ಸಲ್ಲನ್ನು ಗಾಜಿನ ಮೇಲೆ ಉರುಳಿಸಿ ಸೊಟ್ಟಗಿದೆಯೇ ಎಂದು ನೋಡಿದಳು. ಹೊಸ ಬೇರಿಂಗ್ ಗುಂಡುಗಳನ್ನು ಹಾಕಿದಳು. ಎಲ್ಲ ಸರಿಯಿತ್ತು. ಸರಿಯಿದ್ದದ್ದೇ ತೊಂದರೆ. ಇನ್ನೊಂದು ತೊಡಕು ಬೇರೆ: ಬ್ರೇಕ್ ಹಿಡಿಯುವಾಗ ಫ್ರೀವೀಲಿಗೆ ಏನೂ ಕೆಲಸವಿಲ್ಲ, ಅದು ಯಾಕೆ ಸದ್ದು ಮಾಡಬೇಕು? ಬುದ್ಧಿ ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಇಷ್ಟು ವರ್ಷ ಅವೆರಡೂ ಒಂದೇ ಮಾತು ಆಡಿದ್ದವು.

ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿದಳು. "ಹತ್ತಿ ಕೂತ್ಕೋ ತಮ್ಮಾ. ಬ್ರೇಕ್ ಗಟ್ಟಿ ಹಿಡಿದು, ಪೆಡಲ್ ಮೇಲೆ ಭಾರ ಹಾಕು."

ಅವನು ಗೋಡೆ ಹಿಡಿದುಕೊಂಡು ಭಾರ ಹಾಕಿದ. ಕಟಕ್. ಅವಳು ಗಾಲಿಯ ಹಿಂದೆ ಮೊಣಕಾಲೂರಿ ಕೂತಿದ್ದಳು.

"ಬಲಗಡೆ" ಎಂದಳು, ತನಗೆ ತಾನೇ.

"ಎಡಗಡೆ" ಎಂದಿತು ಒಳಗಿನ ಪರದೆ.

ಪರದೆಯ ಆಚೆ, ನಡುಮನೆಯ ಹೊಸ್ತಿಲ ಮೇಲೆ ಅತ್ತೆ ಕೂತು ಹಳೆ ಸೀರೆಯೊಂದನ್ನು ಗ್ರೀಸ್ ಒರೆಸುವ ಬಟ್ಟೆಗಳಾಗಿ ಹರಿಯುತ್ತಿದ್ದಳು. ಅವಳು ಸೊಸೆಯೊಡನೆ ಮಾತು ಬಿಟ್ಟು ವಾರದ ಮೇಲಾಗಿತ್ತು. ಕಾರಣ ಏನೆಂದು ಸೊಸೆಗೆ ತಿಳಿದಿರಲಿಲ್ಲ, ಕೇಳುವುದಕ್ಕೆ ಬಿಡುವೂ ಇರಲಿಲ್ಲ.

"ಅತ್ತೆ, ನಿಮಗಲ್ಲಿಂದ ಎಡ ಯಾವುದು, ಬಲ ಯಾವುದು ಹೇಗೆ ಗೊತ್ತಾಗುತ್ತೆ?"

"ನನಗೆ ಕಿವಿ ಇದೆ. ನಿನಗಿರೋದು ಜಾಣಕಿವುಡು." ಅತ್ತೆ ಪರದೆ ಸರಿಸಿ ಬಂದಳು. "ಎರಡು ಸಲವೂ ಬಲಗಡೇನೇ ಬಿಚ್ಚಿದ್ದೀಯ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ."

ಟ್ಯಾಂಕಿನವನು ನಕ್ಕ. "ಅಜ್ಜಿ, ಹಾಗಾದ್ರೆ ನೀವೇ ಅಂಗಡಿ ಇಟ್ಕೊಳ್ಳಿ."

"ನೀನು ಸುಮ್ನೆ ತುಳಿಯಪ್ಪ."

ಮತ್ತೆ ಕಟಕ್. ಮತ್ತೆ ಅವಳಿಗೆ ಬಲಗಡೆ. ಅವಳು ಸೈಕಲ್ಲನ್ನು ಬಳಸಿ ಮುಂದೆ ಹೋಗಿ, ಅದಕ್ಕೆ ಎದುರಾಗಿ ಕೂತಳು. ಕಟಕ್. ಈಗಲೂ ಅವಳ ಬಲಕ್ಕೇ ಕೇಳಿಸಿತು. ಆದರೆ ಹೀಗೆ ಕೂತಾಗ ಅವಳ ಬಲವೆಂದರೆ ಸೈಕಲ್ಲಿನ ಎಡ. ಸದ್ದು ಅವಳ ಜೊತೆಗೇ ಜಾಗ ಬದಲಿಸಿತ್ತು. ಹಾಗೆ ಯಾವ ಗಾಲಿಯ ಸದ್ದೂ ಓಡಾಡುವುದಿಲ್ಲ. ಅವಳಿಗೆ ಒಂದು ಗಳಿಗೆ ನೆಲ ಎತ್ತ, ತೊಲೆ ಎತ್ತ ಎಂಬುದೂ ಗೊಂದಲವಾಯಿತು.

ಅತ್ತೆ ಅವಳ ಮುಖ ನೋಡಿದಳು. ಪಕ್ಕಕ್ಕೆ ಬಂದು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಇದು ಕೇಳಿಸ್ತಾ?"

"ಯಾವುದು?"

ಟ್ಯಾಂಕಿನವನ ನಗು ನಿಂತುಹೋಗಿತ್ತು. ಅವಳು ಎಡಕ್ಕೆ ತಿರುಗಿದಳು. ಅತ್ತೆಯ ಕೈ ಅವಳ ಎಡಗಿವಿಯ ಮಗ್ಗುಲಲ್ಲೇ ಇತ್ತು. ಹೆಬ್ಬೆರಳು ನಡುಬೆರಳು ಚಿಟಿಕೆ ಹೊಡೆಯುತ್ತಲೇ ಇದ್ದವು.

"ಅಯ್ಯೋ ಮಗಳೇ" ಎಂದಳು ಅತ್ತೆ, ಮೆಲ್ಲಗೆ. "ನಾನು ಕರೆದಾಗೆಲ್ಲ ನೀನು ಬೇಕಂತಲೇ ಮುಖ ತಿರುಗಿಸಿಕೊಂಡು ಹೋಗ್ತೀಯ ಅಂದ್ಕೊಂಡಿದ್ದೆ."

ಗಾಲಿಯಕ್ಕ ಎಡಗಿವಿಯನ್ನು ಅಂಗೈಯಿಂದ ಮುಚ್ಚಿದಳು, ತೆಗೆದಳು. ಬೀದಿಯ ಸದ್ದು ಹಾಗೇ ಇತ್ತು. ಬಲಗಿವಿ ಮುಚ್ಚಿದಳು. ಬೀದಿ ಎಲ್ಲಿಗೋ ಹೋಯಿತು. ಹೋದ ತಿಂಗಳು ನೆಗಡಿ ಹಿಡಿದು ಕಿವಿ ಕಟ್ಟಿಕೊಂಡದ್ದು ನಿಜ, ನೆಗಡಿ ಬಿಟ್ಟ ಮೇಲೆ ಕಿವಿಯೂ ಬಿಟ್ಟಿತೆಂದು ತಿಳಿದಿದ್ದಳು. ಫೋನ್ ಕೆಟ್ಟಿದೆ ಎಂದು ಗಂಡನ ಮೇಲೆ ರೇಗಿದ್ದು, ಗಿರಾಕಿಗಳು ಈಚೆಗೆ ಗೊಣಗುಟ್ಟುತ್ತಾರೆ ಎಂದು ಬೈದುಕೊಂಡದ್ದು, ಎಲ್ಲ ಒಟ್ಟಿಗೆ ಬಂದು ನಿಂತವು. ಅವುಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಹಾಗಾದರೆ ಈ ತಿಂಗಳಲ್ಲಿ ಅವಳು ಕೇಳಿ ಸರಿಮಾಡಿ ಕಳಿಸಿದ ಬೇರೆ ಗಾಲಿಗಳು?

ಕೈಗೆ ಬೇರೇನೂ ತೋಚದೆ ಸ್ಪಾನರ್ ಎತ್ತಿಕೊಂಡಳು. ಗಾಲಿ ಬಿಚ್ಚಿ ಮಡಿಲಲ್ಲಿಟ್ಟು, ಎಡಮಗ್ಗುಲಿನ ಬ್ರೇಕ್ ಡಿಸ್ಕಿನ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿದಳು. ಇದುವರೆಗೆ ಅದನ್ನು ತೆಗೆಯುವ ಅಗತ್ಯವೇ ಕಂಡಿರಲಿಲ್ಲ. ಡಿಸ್ಕಿನ ಹಿಂದೆ ಕರೀ ಜಿಡ್ಡು. ಅತ್ತೆ ಹೇಳಿಸಿಕೊಳ್ಳದೆ ಬಟ್ಟೆ ಚೂರೊಂದನ್ನು ಕೊಟ್ಟಳು. ಒರೆಸಿದಾಗ, ಕಡ್ಡಿಗಳನ್ನು ಸಿಕ್ಕಿಸುವ ಹಬ್ಬಿನ ಅಂಚಿನಲ್ಲಿ, ಒಂದು ತೂತಿನಿಂದ ಪಕ್ಕದ ತೂತಿಗೆ ಕೂದಲೆಳೆಯಷ್ಟು ಗೆರೆ ಕಂಡಿತು. ಆ ಎರಡು ತೂತುಗಳ ಕಡ್ಡಿಗಳನ್ನು ಸೇರಿಸಿ ಹಿಂಡಿದಳು. ಗೆರೆ ಬಾಯಿ ಬಿಟ್ಟಿತು, ಮುಚ್ಚಿತು. ಕಟಕ್ ಎಂಬುದು ಈ ಸಲ ಬೆರಳಿಗೆ ತಾಗಿತು.

ಟ್ಯಾಂಕಿನವನು ಬಗ್ಗಿ ನೋಡಿದ. "ಇದರ ಮೇಲೆ ನಾನು..." ಎಂದು ಅಲ್ಲಿಗೇ ಬಿಟ್ಟ.

"ಹೌದು. ಬ್ರೇಕ್ ಹಿಡಿದ್ರೂ, ಜೋರಾಗಿ ತುಳಿದ್ರೂ ಎಳೆತ ಇಲ್ಲಿಗೂ ಬೀಳುತ್ತೆ. ಇದನ್ನ ಬೆಸೆಯೋಕೆ ಆಗಲ್ಲ ತಮ್ಮಾ. ಹೊಸ ಹಬ್ ಹಾಕಿ ಗಾಲಿ ಪೂರ್ತಿ ಮತ್ತೆ ಕಟ್ಟಬೇಕು." ಅವಳು ಬಟ್ಟೆ ಚೂರಿನಲ್ಲಿ ಬೆರಳು ಒರೆಸಿಕೊಂಡಳು. "ನನಗೆ ಎಡಗಿವಿ ಕೇಳಿಸ್ತಾ ಇಲ್ಲ. ನೀನೂ ನೋಡಿದೆಯಲ್ಲ. ಬೇರೆಯವರ ಹತ್ರ ಕಟ್ಟಿಸ್ತೀನಿ ಅಂದ್ರೆ ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎಂದದ್ದು ಸುಳ್ಳೋ ನಿಜವೋ ಅವಳಿಗೂ ತಿಳಿಯಲಿಲ್ಲ.

ಅವನು ಗುಡ್ಡದ ಕಡೆ ನೋಡಿದ. ತಲೆ ಕೆರೆದುಕೊಂಡ. "ವಾಲ್ವಿಗೆ ಹೊತ್ತಾಯ್ತು" ಎಂದಷ್ಟೇ ಹೇಳಿ, ಸೈಕಲ್ಲನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಹೊರಟ.

"ಹೋದದ್ದು ಸಿಟ್ಟಿಗೋ, ಹೊತ್ತಿಗೋ?" ಎಂದಳು ಅತ್ತೆ.

"ಗೊತ್ತಾಗಲಿಲ್ಲ ಅತ್ತೆ."

"ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ."

"ಅವರು ವಾಸಿಯಾಗಲ್ಲ ಅಂದ್ರೆ?"

ಅತ್ತೆ ಅದಕ್ಕೆ ಉತ್ತರ ಕೊಡಲಿಲ್ಲ. ಅಥವಾ ಕೊಟ್ಟಳೋ ಏನೋ, ಅವಳಿದ್ದದ್ದು ಎಡಗಡೆಗೆ.

ಅವನು ಸಂಜೆ ಬಂದು ಗಾಲಿಯನ್ನು ಬೇರೆ ಅಂಗಡಿಗೆ ಒಯ್ಯುತ್ತಾನೋ, ನೀವೇ ಕಟ್ಟಿ ಎನ್ನುತ್ತಾನೋ. ಕಟ್ಟಿ ಎಂದರೆ ತಾನು ಒಪ್ಪಬೇಕೋ ಬೇಡವೋ. ಅವಳು ಬಹಳ ಹೊತ್ತು ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕೊನೆಗೆ ಕಡ್ಡಿ ಸಡಿಲಿಸುವ ಕೀಲಿಯನ್ನು ಕೈಗೆತ್ತಿಕೊಂಡಳು. ಯಾರು ಕಟ್ಟಿದರೂ ಮೊದಲು ಬಿಚ್ಚಬೇಕಲ್ಲ. ಮೊದಲ ಕಡ್ಡಿಗೆ ಅರ್ಧ ಸುತ್ತು ಬಿಟ್ಟಳು, ಅದರ ಎದುರಿನದಕ್ಕೆ ಅರ್ಧ ಸುತ್ತು, ಬಿಗಿ ಎಲ್ಲ ಕಡೆಯಿಂದ ಒಂದೇ ಸಮ ಇಳಿಯುವ ಹಾಗೆ.