ಫೇಲಾದದ್ದನ್ನೂ ಬರೆಯಬೇಕು

ಕಾಕಾನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಗಂಟು ಕಟ್ಟಿತ್ತು. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಮೀಟರುಗಳನ್ನು ತಪಾಸಣೆ ಮಾಡುತ್ತ ಮೂವತ್ತು ವರ್ಷ ಗಾಜು ತಟ್ಟಿದ ಗುರುತು. ಮುಳ್ಳು ಸಿಕ್ಕಿಕೊಂಡಿದ್ದರೆ ತಟ್ಟಿದಾಗ ಅಲುಗುತ್ತದಂತೆ. ಹಿಮಾಯತ್‌ನಗರದ ನಮ್ಮ ಮೇಲಿನ ಮನೆಯ ಈ ಕಾಕಾ, ನಿವೃತ್ತರಾದ ಮೇಲೂ ನಮ್ಮ ಗೋಡೆ ಗಡಿಯಾರವನ್ನು ಎರಡು ಸಲ ತಟ್ಟಿಯೇ ವೇಳೆ ನಂಬುತ್ತಿದ್ದರು.

ದೇವರನ್ನು ನಂಬುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟದ್ದನ್ನು ಒಮ್ಮೆ ಅವರಿಗೆ ಒಪ್ಪಿಸಿದ್ದೆ: ಗಡಿಯಾರ ಇದ್ದ ಮೇಲೆ ಮಾಡಿದವನೂ ಇರಬೇಕಲ್ಲ, ಜಗತ್ತಿಗೂ ಹಾಗೇ ಅಲ್ಲವೇ? ಕಾಕಾ ಬಸಿಯಲ್ಲಿನ ಚಹಾ ಊದುತ್ತ ನಕ್ಕರು.

"ಇರ್ಲಿ ಯವ್ವಾ. ಮಾಡಿದಾಂವ ಇದ್ರ ಕೆಟ್ಟ ಮಾಲಿಗೂ ಅವನ ಜವಾಬ್ದಾರ. ಅದನ್ಯಾಕ ಯಾರೂ ಕೇಳಂಗಿಲ್ಲ?"

"ಮತ್ತ ನಿಮ್ಮ ಮನ್ಯಾಗ ಕಾಕು ಹಚ್ಚೋ ದೀಪ?"

"ಅದರ ಬತ್ತಿ ನಾನ ಹೊಸೀತೀನಿ. ಆಕಿ ಬೆರಳು ನೋಯ್ತಾವ."

ಐದು ವರ್ಷದ ನನ್ನ ಮಗಳ ಹೃದಯದಲ್ಲಿ ತೂತಿತ್ತು. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನಲ್ಲಿ ಅಂಗಲಾಚಿದೆ, "ಕಾಕಾ, ಇವತ್ತೊಂದಿನ ನೀವೂ ಬೇಡ್ಕೊಳ್ರಿ."

"ನಿನ್ನ ಮುಂದ ಸುಳ್ಳ ಆಡಂಗಿಲ್ಲ ಯವ್ವಾ. ಕೂತಿರ್ತೀನಿ."

ನನಗೆ ಭಾರೀ ಕೋಪ ಬಂತು. ಅವರು ಮಾತ್ರ ಸಂಜೆಯವರೆಗೆ ಚಹಾಕ್ಕೂ ಏಳಲಿಲ್ಲ.

ಮಗಳು ಉಳಿದಳು. ಪಕ್ಕದ ಹಾಸಿಗೆಯ ಕೂಸು ಉಳಿಯಲಿಲ್ಲ. ಅದರ ತಾಯಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವಳು, ನನ್ನ ಜೊತೆಯೇ ಕಣ್ಣು ಮುಚ್ಚಿ ಕೈಮುಗಿದಿದ್ದಳು.

ಮಗಳು ಮನೆಗೆ ಬಂದ ದಿನ ಕಾಕಾನಿಗೆ ಪೇಢೆ ಕೊಡುತ್ತ, "ನೋಡಿದ್ರಾ, ದೇವರು ಕೇಳಿದ" ಎಂದೆ. ಪೇಢೆ ತಿಂದು, ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ಆ ಯಾದಗಿರಿ ತಾಯಿನೂ ಬೇಡ್ಕೊಂಡಿದ್ಲಲ್ಲ? ನಾವು ಪಾಸಾದ ಮೀಟರಷ್ಟ ಬರದು ಫೇಲಾದದ್ದು ಬಿಟ್ಟಿದ್ರ, ಆ ತಪಾಸಣಿಗೆ ಏನ್ ಕಿಮ್ಮತ್ತಿತ್ತು?"

ಅದಕ್ಕೆ ಉತ್ತರವನ್ನು ಆಮೇಲೆ ಎಷ್ಟೋ ಮಧ್ಯಾಹ್ನ ಅಕ್ಕಿ ಆರಿಸುತ್ತ ಹುಡುಕಿದ್ದೇನೆ, ಈಗಲೂ ಸಿಕ್ಕಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಅವರೇ ಬರೆದಿಟ್ಟಂತೆ ದೇಹ ಮೆಡಿಕಲ್ ಕಾಲೇಜಿಗೆ ಹೋಯಿತು. ಸಂಜೆ ಕಾಕು ದೇವರ ಗೂಡಿನ ಡಬ್ಬಿ ತೆರೆದರೆ ತುಂಬ ಕಾಕಾ ಹೊಸೆದಿಟ್ಟ ಬತ್ತಿ. ಒಂದು ಹಿಡಿ ನನ್ನ ಕೈಗೂ ಇಟ್ಟರು.

ನಾನು ದೇವರನ್ನು ಬಿಟ್ಟಿಲ್ಲ. ಆದರೆ ದೀಪ ಹಚ್ಚುವಾಗ ಮೊದಲು ಪಕ್ಕದ ಹಾಸಿಗೆಯ ಆ ಕೂಸಿನ ಹೆಸರು ಹೇಳಿ, ಯಾಕೆ ಎಂದು ಕೇಳುತ್ತೇನೆ. ನನ್ನ ಮಗಳ ಹೆಸರು ಆಮೇಲೆ.