ನಾನು ಉಣ್ಣದ ಡಬ್ಬಿ

ನಾಲ್ಕು ವರ್ಷ ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಆಫೀಸಿಗೆ ಹೊತ್ತೆ, ಒಂದು ದಿನವೂ ಉಣ್ಣಲಿಲ್ಲ. ಇದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಲೂ ನಾಚಿಕೆ.

ನಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಮಧ್ಯಾಹ್ನದ ಊಟ ಬಿಟ್ಟಿ. ನಾನೋ ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನು. ಪ್ರಸಾದದ ದೊನ್ನೆಗೆ ಎರಡನೇ ಸಲ ಸಾಲಿನಲ್ಲಿ ನಿಲ್ಲುವುದನ್ನು ನಾವು ದುರಾಸೆ ಅನ್ನುವುದಿಲ್ಲ, ಭಕ್ತಿ ಅನ್ನುತ್ತೇವೆ. ಪನೀರು, ಹೆಸರು ಹೇಳಲು ನಾಲಿಗೆ ತೊಡರುವ ಇಟಲಿಯ ಭಕ್ಷ್ಯ, ಕೊನೆಗೆ ಐಸ್‌ಕ್ರೀಮು, ಭಕ್ತಿಯಿಂದಲೇ ತಿಂದೆ.

ಹೆಂಡತಿ ಸುಧಾಗೆ ಮೊದಲ ದಿನವೇ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಶಾಲೆಯಲ್ಲಿ ಟೀಚರು. ಐದಕ್ಕೆ ಎದ್ದು ಅಡುಗೆ ಮುಗಿಸಿ ಓಡುತ್ತಾಳೆ. ಆಫೀಸಿನಲ್ಲೇ ಊಟ ಕೊಡ್ತಾರಂತೆ ಅಂತ ಶುರು ಮಾಡಿದ್ದೆ.

"ಬಿಟ್ಟಿ ಊಟ ಹಾಕೋರು ಸಂಜೆ ಬೇಗ ಮನೆಗೆ ಬಿಡ್ತಾರೇನ್ರೀ? ನೀವು ಮನೆ ಊಟಾನೇ ಮಾಡಿ," ಅಂದಳು.

ಮಾತು ನಿಜವೇ. ಹಿಂದಿನ ಕಾಲದ ಛತ್ರಗಳಲ್ಲಿ ಕೈ ತೊಳೆದ ತಕ್ಷಣ ಯಾರನ್ನೂ ಮೀಟಿಂಗಿಗೆ ಕರೆಯುತ್ತಿರಲಿಲ್ಲ. ನಾನು ಹೂಂ ಅಂದು ಡಬ್ಬಿ ಎತ್ತಿಕೊಂಡೆ.

ಅನ್ನ ಚೆಲ್ಲಲು ಮನಸ್ಸು ಬರಲಿಲ್ಲ. ಗೇಟಿನ ಸೆಕ್ಯುರಿಟಿ ನಂಜಪ್ಪನವರಿಗೆ ಕೊಟ್ಟೆ. ಗುತ್ತಿಗೆಯವರಿಗೆ ಒಳಗಿನ ಊಟ ಇರಲಿಲ್ಲ. ಅವರು ಸಂಜೆ ಡಬ್ಬಿ ತೊಳೆದು, ಜೊತೆಗೊಂದು ತೀರ್ಪನ್ನೂ ಕೊಡುತ್ತಿದ್ದರು. "ಹುಳೀಗೆ ಇಂಗು ಇನ್ನೊಂಚೂರು ಬೀಳ್ಬೇಕಿತ್ತು ಸಾರ್." ಅದನ್ನೇ ನಾನು ಮನೆಯಲ್ಲಿ ನನ್ನ ಮಾತೆಂಬಂತೆ ಒಪ್ಪಿಸುತ್ತಿದ್ದೆ. ಒಂದು ದಿನ, "ಹಾಗಲಕಾಯಿ ಗೊಜ್ಜು ತಿಂದು ನಮ್ಮವ್ವನ ನೆನಪಾಯ್ತು ಸಾರ್," ಅಂದರು. ಅದನ್ನೂ ಬಿಡಲಿಲ್ಲ ನಾನು. "ಅಮ್ಮನ ನೆನಪಾಯ್ತು ಕಣೇ," ಅಂದೆ. ಸುಧಾ ಮುಖ ಅರಳಿತು. ಆಮೇಲೆ ವಾರಕ್ಕೊಮ್ಮೆ ಗೊಜ್ಜು ತಪ್ಪಲಿಲ್ಲ.

ಹೀಗಿರುವಾಗ ಕಂಪನಿಗೆ ಮಿತವ್ಯಯದ ಜ್ಞಾನೋದಯವಾಯಿತು. ಮೊದಲು ಬಾದಾಮಿ ಹೋಯಿತು, ಆಮೇಲೆ ಐಸ್‌ಕ್ರೀಮು, ಕೊನೆಗೆ ಊಟವೇ. ಆ ಬೆಳಿಗ್ಗೆ ಗೇಟಿನಲ್ಲಿ ನಂಜಪ್ಪನವರು ಎಂದಿನಂತೆ ಕೈ ಚಾಚಿದರು. ನಾನು ಚೀಲ ಬಿಗಿಹಿಡಿದಿದ್ದು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ನೀವು ಊಟ ಮಾಡಿ ಸಾರ್. ಇಷ್ಟು ದಿನ ನಾನು ತಿಂದಿದೀನಲ್ಲ," ಅಂದರು.

ಎರಡು ಡಬ್ಬಿ ಕಟ್ಟು ಅಂತ ಸುಧಾಳನ್ನು ಕೇಳಬಹುದಿತ್ತು. ಕೇಳಿದರೆ ಎಲ್ಲ ಹೇಳಬೇಕಾಗುತ್ತದಲ್ಲ! ರುಚಿಯನ್ನೂ ನೋಡದೆ ಗಬಗಬನೆ ಡಬ್ಬಿ ಮುಗಿಸುತ್ತ, ಹೇಡಿತನದಲ್ಲಿ ಎರಡು ತಿಂಗಳು ಕಳೆದೆ. ಡಬ್ಬಿ ಹೇಗಿತ್ತು ಅಂತ ಕೇಳಿದಾಗಲೆಲ್ಲ ಚೆನ್ನಾಗಿತ್ತು ಅನ್ನುತ್ತಿದ್ದೆ.

"ಯಾಕ್ರೀ, ಮೊದಲೆಲ್ಲ ಇಂಗಿನ ತನಕ ಹೇಳ್ತಿದ್ರಿ. ಈಗ ಬರೀ ಚೆನ್ನಾಗಿತ್ತು?" ಅಂದಳು ಒಂದು ಸಂಜೆ.

ಇನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೇ ವಾಸಿಯಿತ್ತು.

"ಅಮ್ಮನ ನೆನಪಾಯ್ತು ಅಂದಿದ್ದೂ ಅವರಾ?"

"ಹೂಂ."

ಮಾರನೆಯ ದಿನ ಅವಳು ಇನ್ನೂ ಅರ್ಧ ಗಂಟೆ ಮುಂಚೆ ಎದ್ದು ಎರಡು ಡಬ್ಬಿ ಕಟ್ಟಿದಳು. ಎರಡರಲ್ಲೂ ಗೊಜ್ಜು. ಗೇಟಿಗೆ ಹೋದರೆ ನಂಜಪ್ಪನವರ ಕುರ್ಚಿಯ ಜಾಗದಲ್ಲಿ ಕಾರ್ಡು ಉಜ್ಜುವ ಯಂತ್ರ. ಹಿಂದಿನ ದಿನವೇ ಅವರನ್ನು ಕಳಿಸಿದ್ದರಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ನಾಲ್ಕು ವರ್ಷ ನನ್ನ ಮನೆಯ ಅನ್ನ ಉಂಡವರ ಫೋನ್ ನಂಬರು ನನ್ನಲ್ಲೂ ಇರಲಿಲ್ಲ.

ಅವತ್ತು ನನಗೂ ಊಟ ಸೇರಲಿಲ್ಲ. ಸಂಜೆ ಸುಧಾ ಡಬ್ಬಿಗಳನ್ನು ಎತ್ತಿ ನೋಡಿದಳು. ಭಾರದಲ್ಲೇ ಅವಳಿಗೆ ತಿಳಿಯಿತು. ತಟ್ಟೆ ಇಟ್ಟು ಬಡಿಸಿ, "ಕೂತ್ಕೊಳ್ಳಿ. ಇವತ್ತು ನೀವೇ ತಿಂದು ನೀವೇ ಹೇಳಿ," ಅಂದಳು.

ತಿಂದೆ. ನಿಜವಾಗಿಯೂ ಅಮ್ಮನ ನೆನಪಾಯಿತು. ಆದರೆ ಹೇಳುವ ಹಾಗಿರಲಿಲ್ಲ; ಆ ಮಾತನ್ನು ನಾನು ಆಗಲೇ ಹೇಳಿ ಮುಗಿಸಿದ್ದೆ.