ಪಿ ಆರ್ ಇ ಅಂತ ಸುರುವಾಗುವ ಮಾತುಗಳು

ನಾನು ಬಾಗಲಕೋಟೆಯ ಒಂದು ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನಮ್ಮ ವಾರ್ಡಿಗೆ ಹೊಸ ಆಯಾ ಬಂದರು. ಹುನಗುಂದದ ಕಡೆಯವರು, ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ಓದು ಏಳನೆಯ ಇಯತ್ತೆಗೆ ನಿಂತಿತ್ತು. ನೆಲ ಒರೆಸಿ, ಹಾಸಿಗೆ ಬದಲಿಸಿ ಮುಗಿಸಿದ ಮೇಲೆ ಕೇಸ್ ಶೀಟುಗಳ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಅರ್ಥ ಗೊತ್ತಿರಲಿಲ್ಲ.

ಒಂದು ದಿನ ಎರಡು ಶೀಟು ತೋರಿಸಿ ಕೇಳಿದರು: “ಸಿಸ್ಟರ್, ಇಲ್ಲಿ ಪ್ರಿಟರ್ಮ್, ಅಲ್ಲಿ ಪ್ರಿಮೆಚೂರ್. ಎರಡೂ ಪಿ ಆರ್ ಇ ಅಂತ ಸುರು ಆಗ್ತಾವ. ಆ ಮೂರಕ್ಕ ಏನರ ಅರ್ಥ ಐತೇನ್ರಿ?”

“ಮೊದ್ಲ ಅಂತ ಅರ್ಥರಿ. ಹೊತ್ತಿಗಿಂತ ಮೊದ್ಲ.”

ಅವರು ಪೊರಕೆ ಗೋಡೆಗೆ ಒರಗಿಸಿದರು. “ಹಂಗಾರ ನನ್ನ ಫೋನಿನ ಪ್ರಿಪೇಯ್ಡ್, ಮೊದ್ಲ ರೊಕ್ಕ ಕೊಡೂದು! ಮಗಳ ಸಾಲ್ಯಾಗ ಪ್ರಿಪರೇಟರಿ ಪರೀಕ್ಷಾ, ದೊಡ್ಡ ಪರೀಕ್ಷಾಕ್ಕಿಂತ ಮೊದ್ಲಿಂದು!” ತುಸು ಯೋಚಿಸಿ ಮತ್ತೆ ಕೇಳಿದರು: “ಮತ್ತ ಪ್ರೆಶರ್?”

ಮನೆಗೆ ಹೋಗಿ ನಿಘಂಟು ತೆಗೆದು, ಮರುದಿನ ಹೇಳಿದೆ: ಅದು ಪ್ರೆಸ್, ಅಂದರೆ ಒತ್ತುವುದರಿಂದ ಬಂದದ್ದು, ಅಕ್ಷರ ಅವೇ ಆದರೂ ಅಲ್ಲಿ ‘ಮೊದಲು’ ಇಲ್ಲ. ಅವರು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ‘ಮಾತು ಕೇಳುವವು’ ಎಂದೂ ಎದುರಿನ ಪುಟಕ್ಕೆ ‘ಮಾತು ಕೇಳದವು’ ಎಂದೂ ಬರೆದು, ಪ್ರೆಶರನ್ನು ಎರಡನೆಯದಕ್ಕೆ ತಳ್ಳಿದರು. ಈ ಪದಗಳನ್ನೆಲ್ಲ ಬಾಯಿಪಾಠ ಮಾಡಿಯೇ ನಾನು ನರ್ಸಿಂಗ್ ಪಾಸಾದವಳು. ಒಂದನ್ನೂ ಹೀಗೆ ಬಿಡಿಸಿ ನೋಡಿರಲಿಲ್ಲ.

ಕೆಲವು ತಿಂಗಳ ನಂತರ ರಾಮಥಾಳದಿಂದ ಒಬ್ಬ ಬಾಣಂತಿ ಬಂದಳು. ಎಂಟು ತಿಂಗಳಿಗೇ ಹೆರಿಗೆಯಾಗಿತ್ತು. ಕೂಸನ್ನು ಬೆಚ್ಚಗಿಡುವ ಯಂತ್ರದಡಿ ಮಲಗಿಸಿದೆವು. ಡಾಕ್ಟರು ಬಾಣಂತಿಯ ತಾಯಿಗೆ, “ಪ್ರಿಮೆಚೂರ್ ಬೇಬಿ, ಅಬ್ಸರ್ವೇಶನ್‌ನಲ್ಲಿ ಇಡಬೇಕು” ಎಂದು ಹೇಳಿ ಮುಂದಿನ ಬೆಡ್ಡಿಗೆ ಹೋದರು. ಮುದುಕಿ ಅಲ್ಲಿಯೇ ಕುಸಿದು ಕೂತು ಅಳತೊಡಗಿದರು.

“ಕೂಸಿನ ಒಳಗ ಏನ್ ಚೂರಾಗೈತ್ರೆವ್ವಾ? ಎಲುಬೋ, ಎದಿಯೋ?”

ನನಗೆ ಮೊದಲು ತಿಳಿಯಲೇ ಇಲ್ಲ. ತೂಕ, ಉಸಿರಾಟ, ಇನ್‌ಫೆಕ್ಷನ್ ಎಂದು ಏನೇನೋ ಹೇಳಿದೆ, ಅಳು ಹೆಚ್ಚಾಯಿತು. ಆಯಾ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

“ಯಾವುದೂ ಚೂರಾಗಿಲ್ಲ ಯವ್ವಾ. ಅದು ನಮ್ಮ ಚೂರಲ್ಲ, ಇಂಗ್ಲಿಷ್ ಮಾತು. ಪ್ರಿ ಅಂದ್ರ ಮೊದ್ಲ, ಮೆಚೂರ್ ಅಂದ್ರ ಬಲಿಯೂದು. ನಿಮ್ಮ ಕೂಸು ಬಲಿಯೂದಕ್ಕಿಂತ ಮೊದ್ಲ ಹೊರಗ ಬಂದೈತಿ. ಹೊಟ್ಟಿಯೊಳಗ ಬಲಿಯಬೇಕಾದ್ದು ಇಲ್ಲಿ ಬಲಿತೈತಿ. ಬರ್ರಿ, ನೋಡೂಣು.”

ಅವರನ್ನು ಎಬ್ಬಿಸಿ ಗಾಜಿನ ಕಿಟಕಿಯ ಬಳಿ ಕರೆದೊಯ್ದರು. ಕೂಸು ಕಾಲು ಒದೆಯುತ್ತಿತ್ತು. ಮುದುಕಿ ಅದರ ಕೈಬೆರಳು ಎಣಿಸಿದರು, ಕಾಲುಬೆರಳು ಎಣಿಸಿದರು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಎರಡು ವಾರಕ್ಕೂ ಹೆಚ್ಚು ದಿನ ಆ ಮನೆಯವರು ನಮ್ಮಲ್ಲಿದ್ದರು. ನೋಡಲು ಬಂದ ನೆಂಟರಿಗೆಲ್ಲ ಮುದುಕಿಯೇ ಪ್ರಿ ಅಂದರೇನು, ಮೆಚೂರ್ ಅಂದರೇನು ಎಂದು ಹೇಳುತ್ತಿದ್ದರು. ಕೂಸು ಗುಂಡಗಾಗಿ ಊರಿಗೆ ಹೋಯಿತು.

ಅಂದಿನಿಂದ ಡಾಕ್ಟರು ರೌಂಡ್ಸಿಗೆ ಬಂದಾಗ ಮನೆಯವರಿಗೆ ಬಿಡಿಸಿ ಹೇಳಲೆಂದು ಆಯಾರನ್ನೂ ಹತ್ತಿರ ಕರೆಯುತ್ತಿದ್ದರು. ಹುದ್ದೆಯೇನೂ ಬದಲಾಗಲಿಲ್ಲ, ಪೊರಕೆ, ಬಕೆಟ್ಟು ಅವೇ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿ ಎಂದು ನಾನು ಎಷ್ಟೋ ಸಲ ಹೇಳಿದೆ. “ಗಣಿತ ಬರೂದಿಲ್ಲರಿ ಸಿಸ್ಟರ್, ಮಾತಿನ ರುಚಿ ಅಷ್ಟ ಸಾಕು” ಎಂದು ನಕ್ಕುಬಿಟ್ಟರು.

ಈಗ ನಾನು ಬಾದಾಮಿಯ ಆಸ್ಪತ್ರೆಯೊಂದರಲ್ಲಿದ್ದೇನೆ. ಹೋದ ವಾರ ಅವರ ಫೋನು ಬಂತು.

“ಸಿಸ್ಟರ್, ಆಂಟಿಬಯಾಟಿಕ್, ಆಂಟಿರೇಬೀಸ್, ಇವು ಐ ಹಾಕಿ ಬರೀತಾರ. ಬಸುರಿಯರನ್ನ ತಪಾಸ ಮಾಡೂ ಕೋಲಿ ಬಾಗಲದ ಮ್ಯಾಲ ಆಂಟಿನೇಟಲ್ ಅಂತ ಇ ಹಾಕ್ಯಾರ. ಬೋರ್ಡ್ ಬರದವ ತಪ್ಪು ಮಾಡ್ಯಾನೋ, ಇಲ್ಲಾ ಅವು ಬ್ಯಾರೆ ಬ್ಯಾರೆನೋ?”

ಬೇರೆ ಬೇರೆಯೇ. ಐ ಇದ್ದರೆ ‘ವಿರುದ್ಧ’. ಇ ಇದ್ದರೆ ‘ಮುಂಚೆ’, ಅಂದರೆ ಹೆರಿಗೆಗೆ ಮುಂಚೆ. ಇಷ್ಟು ವರ್ಷ ಆ ಬಾಗಿಲಲ್ಲೇ ಒಳಗೆ ಹೊರಗೆ ಓಡಾಡಿದ ನಾನು ಅದನ್ನೂ ನಿಘಂಟು ನೋಡಿಯೇ ಹೇಳಬೇಕಾಯಿತು.